ಮದ್ದು ಹಾಕಿದವರು ಯಾರು

ಮಲ್ಲಿಪಟ್ಟಣ
೧೨-೧೦-೧೯೬೪, ಸೋಮವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನವರ ಕೆಮ್ಮು ಇಳಿಯಿತೇ? ಅಕ್ಕಿ ಗಿರಣಿಯ ದೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳು. ಕೇಳುವ ಪೈಕಿ ಅಲ್ಲ, ಆದರೂ ಹೇಳು. ಇಲ್ಲಿ ನಾವು ಚೆನ್ನಾಗಿದ್ದೇವೆ ಅಂತ ಬರೆದರೆ ಸುಳ್ಳಾಗುತ್ತದೆ.

ಇವರಿಗೆ ಊಟವೇ ಸೇರುತ್ತಿಲ್ಲ. ಶ್ರಾವಣದಲ್ಲಿ ರಾಮನಾಥಪುರದ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಬಿದ್ದು, ಇವರ ಜೊತೆಗಾರ ನಂಜಪ್ಪ ಒಳಗೇ ಸುಟ್ಟುಹೋದದ್ದು ನಿನಗೆ ಗೊತ್ತಲ್ಲ. ಇವರ ಕೂದಲೂ ಕೊಂಕಲಿಲ್ಲ ಅಂತ ನಾವೆಲ್ಲ ಹಣ್ಣುಕಾಯಿ ಮಾಡಿಸಿದೆವು. ಆಮೇಲೆ ಇವರು ಕೆಲಸದ ಕಡೆ ತಲೆ ಹಾಕಿಲ್ಲ. ಒಳಗೆ ಮಲಗುವುದಿಲ್ಲ, ಜಗಲಿಯೇ ಗತಿ. ಹತ್ತಿರ ಹೋದರೆ ನನ್ನ ಸೀರೆ ಹೊಗೆ ವಾಸನೆ ಅಂತ ಮುಖ ತಿರುಗಿಸುತ್ತಾರೆ. ಮದುವೆಯಾದಾಗಿನಿಂದ ಅದೇ ಒಲೆ, ಅದೇ ನಾನು, ಈಗ ವಾಸನೆ ಬಂತಂತೆ! ಇನ್ನೊಬ್ಬಳು ಇದ್ದಾಳೆ ಅಂತಲೇ ಅಂದುಕೊಂಡೆ. ಹಿತ್ತಿಲಿಗೆ ಹೋದರೂ ಕಣ್ಣಿಟ್ಟೆ. ಯಾರೂ ಸಿಗಲಿಲ್ಲ. ಸಿಕ್ಕಿದ್ದರೆ ಅವಳ ಜುಟ್ಟು ಹಿಡಿದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಈಗ ಅತ್ತೆ ಬೇರೆ ಮಾತು ಎತ್ತಿದ್ದಾರೆ. ಕೋಪ ಮಾಡಿಕೊಳ್ಳಬೇಡ, ಅವರು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ. “ಇದು ಕೈಮದ್ದು ಕಣವ್ವ. ಗೌರಿ ಅಬ್ಬದಲ್ಲಿ ನಿಮ್ಮಕ್ಕನೇ ಇಕ್ಕವ್ಳೆ. ಒಟ್ಟೇಲಿ ಕುಂತ್ಕಂಡು ನನ್ ಮಗನ್ನ ತಿಂತಾ ಅದೆ.” ಹೊಗೆಸೊಪ್ಪಿನ ಸಹವಾಸ ಬಿಟ್ಟು ಚನ್ನರಾಯಪಟ್ಟಣಕ್ಕೆ ಬಂದು ಗಿರಣಿ ನೋಡಿಕೊ ಅಂತ ಭಾವ ಇವರಿಗೆ ಹೇಳಿದ್ದು ಅವರ ಕಿವಿಗೆ ಬಿದ್ದಿದೆ. ಮಗನನ್ನು ವಶ ಮಾಡಿಕೊಳ್ಳಲು ನೀನು ಊಟದಲ್ಲಿ ಮದ್ದು ಬೆರೆಸಿದೆಯಂತೆ. ನಾನು ಅವರ ಮೇಲೆ ಹಾರಾಡಿದೆ. ಆದರೆ ಆಮೇಲೆ ಒಬ್ಬಳೇ ಕೂತಾಗ ನನಗೂ ಹುಳ ಹೊಕ್ಕಿತು. ಅವತ್ತು ನಿಮ್ಮ ಮನೆಯಲ್ಲಿ ನೀನು ನಮಗೆಲ್ಲ ಕಡುಬನ್ನು ಪಾತ್ರೆಯಿಂದ ಬಡಿಸಿದೆ. ಇವರಿಗೆ ಮಾತ್ರ ಒಳಗಿನಿಂದ ಬೇರೆ ಬಟ್ಟಲಲ್ಲಿ ತಂದೆ. ಯಾಕೆ? ನೀನು ಕೆಟ್ಟದ್ದು ಬಯಸುವವಳಲ್ಲ. ಆದರೆ ತಂಗಿ ಕಣ್ಣೆದುರು ಇರಲಿ ಅಂತ, ಯಾರದೋ ಮಾತು ಕೇಳಿ ಏನಾದರೂ ಹಾಕಿದೆಯಾ? ಹಾಕಿದ್ದರೆ ಏನು ಅಂತ ಬರೆ. ನನ್ನಾಣೆ, ಭಾವನಿಗೂ ಹೇಳುವುದಿಲ್ಲ.

ಹೊಳೆನರಸೀಪುರದ ಕಡೆಯಿಂದ ಮದ್ದು ಕಕ್ಕಿಸುವವನು ಭಾನುವಾರ ಬರುತ್ತಾನೆ. ಏನೋ ಸೊಪ್ಪಿನ ರಸ ಕುಡಿಸಿ, ಮದ್ದಿನ ಗಂಟು ಈಚೆಗೆ ಬೀಳುವ ತನಕ ವಾಂತಿ ಮಾಡಿಸುತ್ತಾನಂತೆ. ಇವರ ಕೊರಳ ಮೂಳೆ ಎದ್ದು ಕಾಣುತ್ತಿದೆ. ತಡೆದುಕೊಳ್ಳುತ್ತಾರೋ ಇಲ್ಲವೋ ಅಂತ ನನಗೆ ಭಯ. ಉತ್ತರ ಬೇಗ ಬರೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಂಗಿ
ಪಾರ್ವತಿ

ವಿ. ಸೂ.: ಮಂಗಳವಾರ ಬೆಳಿಗ್ಗೆ. ಟಪಾಲು ಹೊರಡುವ ಹೊತ್ತಾಯಿತು, ಬೇರೆ ಕಾಗದವಿಲ್ಲ. ಮೇಲೆ ನಿನ್ನನ್ನು ಕೇಳಿದ್ದನ್ನೆಲ್ಲ ಹೊಡೆದುಹಾಕಿದ್ದೇನೆ ಅಂತ ತಿಳಿದುಕೊ. ಈಗ ಒಲೆ ಹಚ್ಚಲು ಬಗ್ಗಿದ್ದೆ, ತೆಂಗಿನಗರಿ ಭಗ್ಗನೆ ಹತ್ತಿಕೊಂಡಿತು. ಇವರು ಜಗಲಿಯಿಂದ ಓಡಿಬಂದು ನನ್ನ ರಟ್ಟೆ ಹಿಡಿದು ದರದರ ಅಂಗಳಕ್ಕೆ ಎಳೆದರು. “ಈಚಿಕ್ ಬಾರ್ಲಾ ನಂಜಪ್ಪ, ಬಾರ್ಲಾ!” ಅಂತ ನನ್ನನ್ನೇ ಕೂಗುತ್ತಿದ್ದರು. ಆಮೇಲೆ ನನ್ನ ಕೈ, ಮುಖ ಎಲ್ಲ ಮುಟ್ಟಿ ಮುಟ್ಟಿ ನೋಡಿ, ಮಗುವಿನ ಹಾಗೆ ಅತ್ತರು. ಇದು ಮದ್ದಲ್ಲ ಅಕ್ಕಾ. ಇವರು ಆ ಬ್ಯಾರನ್ನಿಂದ ಇನ್ನೂ ಈಚೆಗೆ ಬಂದಿಲ್ಲ. ಅತ್ತೆ ಮಾತ್ರ ಮದ್ದು ತಲೆಗೇರಿತು ಅನ್ನುತ್ತಿದ್ದಾರೆ. ಭಾನುವಾರದೊಳಗೆ ಭಾವನನ್ನು ಕರೆದುಕೊಂಡು ಬಾ, ಇವರನ್ನು ಹಾಸನದ ಆಸ್ಪತ್ರೆಗೆ ಸೇರಿಸೋಣ. ಅತ್ತೆ ಬಾಗಿಲಲ್ಲೇ ನಿಂತು ನಿನ್ನನ್ನು ಬಾಯಿಗೆ ಬಂದಂತೆ ಅನ್ನುತ್ತಾರೆ. ಅನ್ನಿಸಿಕೊಂಡು ಒಳಗೆ ಬಾ.