ದಪ್ಪ ಪುಸ್ತಕ, ಎಡಗಿವಿ, ಮೇಜಿನ ಗಾಜು

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಿಮ್ಮ ಮೇಜಿನ ಗಾಜನ್ನು ಒಡೆದದ್ದು ನಾನೇ. ಅಕ್ಟೋಬರ್ ಇಪ್ಪತ್ತೇಳರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಒಡೆದೆ. ಅದೇ ದಿನ ಸಂಜೆ ನಾಲ್ಕಕ್ಕೆ ನಿಮ್ಮ ಕಚೇರಿಯ ನೋಟೀಸು ನಂದಿನಿ ಲೇಔಟಿನ ನನ್ನ ಮನೆ ಬಾಗಿಲಿಗೆ ಬಂತು. ಸರ್ಕಾರಿ ಸ್ವತ್ತಿಗೆ ಹಾನಿ ಮಾಡಿದ್ದೇಕೆ ಎಂದು ಏಳು ದಿನಗಳೊಳಗೆ ಲಿಖಿತ ವಿವರಣೆ ಕೊಡಬೇಕಂತೆ. ಗಾಜಿನ ವಿಷಯದಲ್ಲಿ ನಿಮ್ಮ ಕಚೇರಿ ಇಷ್ಟು ಚುರುಕಾಗಿದೆ ಎಂದು ಮೊದಲೇ ಗೊತ್ತಿದ್ದರೆ ಮೊದಲ ದಿನವೇ ಒಡೆಯುತ್ತಿದ್ದೆ. ಏಕೆಂದರೆ ಹತ್ತನೇ ತರಗತಿಯ ಹುಡುಗಿಯೊಬ್ಬಳ ಕಿವಿಯ ತಮಟೆ ಒಡೆದ ಬಗ್ಗೆ ನಾವು ಕೊಟ್ಟ ಮನವಿಗೆ ಅಂದಿಗೆ ಮೂವತ್ತೈದು ದಿನಗಳಾಗಿದ್ದವು. ಆ ಹಾನಿಗೆ ನೀವು ಯಾರಿಂದಲೂ ವಿವರಣೆ ಕೇಳಿರಲಿಲ್ಲ. ಕಿವಿ ಸರ್ಕಾರಿ ಸ್ವತ್ತಲ್ಲ ಎಂಬುದು ನಿಜ.

ವಿವರಣೆಯನ್ನು ನಿಮಗೊಬ್ಬರಿಗೇ ಕೊಟ್ಟರೆ ಅದು ಕಡತದೊಳಗೆ ಹೋಗಿ ಮಲಗುತ್ತದೆ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ದೂರವಾಣಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಹೆಚ್ಚು ಮಾತಿನ ಅಭ್ಯಾಸವಿಲ್ಲ. ಓದುವುದೊಂದೇ ಚಟ, ಅದರಲ್ಲೂ ಅನುವಾದದ ಕಾದಂಬರಿಗಳು. ನಾನು ಕಾಲಿಡದ ಊರುಗಳ, ನನಗೆ ಬಾರದ ಭಾಷೆಗಳ ಮನುಷ್ಯರು ಕನ್ನಡದಲ್ಲಿ ಮಾತಾಡುವುದನ್ನು ಕೇಳುವುದು ನನಗೆ ಇಷ್ಟ. ಎರಡು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ, ಅಂಥ ಇನ್ನೂರ ಹನ್ನೆರಡು ಪುಸ್ತಕಗಳನ್ನು ಲಗ್ಗೆರೆಗೆ ಹತ್ತಿರದ ಒಂದು ಪ್ರೌಢಶಾಲೆಯ ಗ್ರಂಥಾಲಯಕ್ಕೆ ಕೊಟ್ಟೆ. ಶಾಲೆಯ ಹೆಸರು ನಿಮಗೆ ಗೊತ್ತು. ಅಲ್ಲಿ ಇಂಗ್ಲಿಷ್ ಕಲಿಸುವ, ಗ್ರಂಥಾಲಯದ ಉಸ್ತುವಾರಿಯನ್ನೂ ಹೊತ್ತಿರುವ ಮೇಷ್ಟ್ರ ಹೆಸರೂ ನಿಮಗೆ ಗೊತ್ತು. ನಾನು ಬರೆಯುವುದಿಲ್ಲ. ಬರೆದರೆ ಅವರೊಬ್ಬರನ್ನು ಇನ್ನೊಂದು ಊರಿಗೆ ವರ್ಗಾಯಿಸಿ ನೀವು ಕೈತೊಳೆದುಕೊಳ್ಳುತ್ತೀರಿ. ಅಲ್ಲಿಯ ಮಕ್ಕಳಿಗೂ ಕಿವಿಗಳಿವೆ.

ಆ ಪುಸ್ತಕಗಳಲ್ಲಿ ಒಂದು, ಹಿಮ ಬೀಳುವ ದೂರದ ದೇಶವೊಂದರ ಕಾದಂಬರಿ. ಎಂಟುನೂರ ಹದಿನಾರು ಪುಟ. ಕೊಡುವ ಮುಂಚೆ ರಾಜಾಜಿನಗರದಲ್ಲಿ ಬೈಂಡಿಂಗ್ ಮಾಡುವ ಬೈರಯ್ಯನವರ ಹತ್ತಿರ ಅದಕ್ಕೆ ಹೊಸ ರಟ್ಟು ಹಾಕಿಸಿದೆ. ನೂರಾರು ಮಕ್ಕಳ ಕೈಗೆ ಹೋಗುವ ಪುಸ್ತಕ, ಬೇಗ ಕಿತ್ತುಬರಬಾರದು ಎಂಬುದು ನನ್ನ ಆಸೆ. ಬೈರಯ್ಯ ಎರಡು ಪದರ ರಟ್ಟು ಅಂಟಿಸಿ, ಬೆನ್ನಿಗೆ ಬಟ್ಟೆ ಹಾಕಿ, ಮೇಲೊಮ್ಮೆ ತಟ್ಟಿ ಕೊಟ್ಟರು. "ತಗೊಳಿ ಅಮ್ಮಾ. ಇನ್ಮೇಲೆ ಇದನ್ನ ಎತ್ತಿ ಗೋಡೆಗೆ ಬಡಿದ್ರೂ ಬುಕ್ಕಿಗೇನೂ ಆಗಲ್ಲ," ಎಂದರು. ಸತ್ಯವಾದ ಮಾತು. ಪುಸ್ತಕಕ್ಕೆ ಇವತ್ತಿಗೂ ಏನೂ ಆಗಿಲ್ಲ. ಒಳಪುಟದಲ್ಲಿ ನನ್ನ ಹೆಸರು, ವಿಳಾಸ ಬರೆದು ಕೊಟ್ಟು ಬಂದೆ.

ಈ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ನನ್ನ ಮನೆಯ ಗೇಟಿನ ಮುಂದೆ ಒಬ್ಬ ಹೆಂಗಸು ಅದೇ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದರು. ಹಿಂದೆ ಸ್ಕಾರ್ಫ್ ಸುತ್ತಿಕೊಂಡ ಹುಡುಗಿ. ಹೆಂಗಸಿನ ಹೆಸರು ದುರ್ಗವ್ವ. ಸಿಂಧನೂರಿನ ಕಡೆಯವರು, ಲಗ್ಗೆರೆಯಲ್ಲಿ ಬಾಡಿಗೆ ಮನೆ, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕೆಲಸ. ಹುಡುಗಿ ಅವರ ಮಗಳು ಸುವರ್ಣಾ.

"ಈ ಪುಸ್ತಕ ನಿಮ್ದ ಐತೇನ್ರಿ ಅಮ್ಮಾರ? ಇದರಾಗ ಅಡ್ರೆಸ್ ಬರದಿತ್ರಿ, ಕೇಳ್ಕೋತ ಬಂದೆ. ನನ್ನ ಮಗಳು ಕದ್ದಿಲ್ಲರಿ. ಸಾಲ್ಯಾಗ ಕದ್ದಾಳ ಅಂತ ಬರದು ಕೊಟ್ಟಾರ್ರಿ."

ಒಳಗೆ ಕೂರಿಸಿ ನೀರು ಕೊಟ್ಟೆ. ನಾನು ಏನೇ ಕೇಳಿದರೂ ಹುಡುಗಿ ಮುಖವನ್ನು ಒಂದು ಕಡೆಗೆ ತಿರುಗಿಸಿ ಬಲಗಿವಿಯನ್ನು ನನ್ನತ್ತ ತರುತ್ತಿದ್ದಳು. ನಡೆದದ್ದು ಇಷ್ಟು. ಸೆಪ್ಟೆಂಬರ್ ಒಂಬತ್ತರಂದು ಇಂಗ್ಲಿಷ್ ಪಾಠದ ಎರಡನೇ ಪ್ಯಾರಾ ಓದಲು ಮೇಷ್ಟ್ರು ಇವಳನ್ನು ಎಬ್ಬಿಸಿದರು. ಇವಳು ಎದ್ದು ನಿಂತಳು, ಓದಲಿಲ್ಲ. ಓದಲು ಬರುವುದಿಲ್ಲ. ಎಂಟನೇ ತರಗತಿಗೆ ಈ ಊರಿಗೆ ಬಂದ ದಿನದಿಂದ ಅವಳಿಗೆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುವುದನ್ನು ಯಾರೂ ಹೇಳಿಕೊಟ್ಟಿಲ್ಲ. ಅವಳ ಕನ್ನಡಕ್ಕೆ ತರಗತಿ ನಗುತ್ತದೆ, ಅವಳ ಇಂಗ್ಲಿಷಿಗೆ ಮೇಷ್ಟ್ರು ಸಿಟ್ಟಾಗುತ್ತಾರೆ. ಅದಕ್ಕೇ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಾಳೆ. "ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ? ನಡಿ ಲೈಬ್ರರಿಗೆ," ಎಂದರು ಮೇಷ್ಟ್ರು. ಗ್ರಂಥಾಲಯದ ಕೋಣೆಯೊಳಗೆ ಕರೆದೊಯ್ದು, ಬಾಗಿಲು ಹಾಕಿ, ನನ್ನ ಪುಸ್ತಕವನ್ನು ಎರಡು ಕೈಯಲ್ಲಿ ಎತ್ತಿ, ಮೊದಲು ತಲೆಯ ಮೇಲೆ ಬಡಿದರು. ಎರಡನೇ ಸಲ ಅವಳು ತಲೆ ತಪ್ಪಿಸಿದಳು. ರಟ್ಟಿನ ಅಗಲವೆಲ್ಲ ಎಡಗಿವಿಯ ಮೇಲೆ ಬಿತ್ತು. ಓಲೆ ಕಿವಿಯ ಹಾಲೆಯನ್ನು ಹರಿದುಕೊಂಡು ಹೋಯಿತು. ರಕ್ತ ಪುಸ್ತಕದ ಪುಟಗಳ ಅಂಚಿಗೆ ಸಿಡಿಯಿತು. ಈಗ ಪುಸ್ತಕ ಮುಚ್ಚಿದರೆ ಅಂಚಿನಲ್ಲಿ ಒಂದು ಕಂದು ಗೆರೆ ಕಾಣುತ್ತದೆ. ತೆರೆದರೆ ಮುನ್ನೂರ ಎಂಬತ್ತೆಂಟನೇ ಪುಟದಿಂದ ನಾನೂರ ಹತ್ತರವರೆಗೆ ಪುಟಕ್ಕೊಂದು ಚುಕ್ಕಿ. ಪುಸ್ತಕ ಕೆಳಗೆ ಬಿತ್ತು. ಹುಡುಗಿ ಅದನ್ನು ಎತ್ತಿಕೊಂಡು, ಬಾಗಿಲು ತೆಗೆದು, ನಡೆದು ಮನೆಗೆ ಬಂದುಬಿಟ್ಟಳು.

ಒಂದು ಭಾಷೆಯಿಂದ ಇನ್ನೊಂದಕ್ಕೆ ಆ ಪುಸ್ತಕವನ್ನು ತರಲು ಆರು ವರ್ಷ ಹಿಡಿಯಿತೆಂದು ಅನುವಾದಕಿ ಮುನ್ನುಡಿಯಲ್ಲಿ ಬರೆದಿದ್ದಾರೆ. ಗ್ರಂಥಾಲಯದಿಂದ ಕಿವಿಗೆ ತರಲು ನಿಮ್ಮ ಶಾಲೆಗೆ ಎರಡು ಸೆಕೆಂಡು ಸಾಕಾಯಿತು.

ಕಿವಿಯ ತಮಟೆಯಲ್ಲಿ ತೂತಾಗಿದೆ, ತಾನಾಗಿ ಮುಚ್ಚದಿದ್ದರೆ ಶಸ್ತ್ರಚಿಕಿತ್ಸೆ ಬೇಕು ಎಂದು ವೈದ್ಯರ ಚೀಟಿ ಹೇಳುತ್ತದೆ. ಶಾಲೆಯ ಚೀಟಿ ಬೇರೆ ಹೇಳುತ್ತದೆ: ಗ್ರಂಥಾಲಯದ ಪುಸ್ತಕ ಕಳವು ಮಾಡಿದ ವಿದ್ಯಾರ್ಥಿನಿ ತಪ್ಪೊಪ್ಪಿಗೆ ಬರೆದುಕೊಡುವವರೆಗೆ ತರಗತಿಗೆ ಪ್ರವೇಶವಿಲ್ಲ. ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸಲು ನವೆಂಬರ್ ಹದಿನೈದು ಕೊನೆಯ ದಿನ. ಕಳ್ಳಿ ಎಂದು ಬರೆದುಕೊಟ್ಟರೆ ಪರೀಕ್ಷೆ, ಇಲ್ಲದಿದ್ದರೆ ತಾಯಿಯ ಜೊತೆ ಪೀಣ್ಯ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹದಿನೈದು ವರ್ಷದ ಹುಡುಗಿಗೆ ಹೇಳಿದ್ದೀರಿ.

ನಾನು ಕೇಳಿದ ಮಾತನ್ನೇ ನಂಬಿ ಬರೆಯುವವಳಲ್ಲ. ಮರುದಿನ ಶಾಲೆಗೆ ಹೋದೆ. ಗೇಟಿನ ಹತ್ತಿರ ನಿಂತಿದ್ದ ಹುಡುಗರನ್ನು ಲೈಬ್ರರಿ ಎಲ್ಲಿದೆ ಎಂದು ಕೇಳಿದೆ.

"ಯಾಕೆ ಆಂಟಿ, ನೀವೇನ್ ಮಾಡಿದ್ರಿ?" ಎಂದ ಒಬ್ಬ.

"ಮಗಾ, ಆಂಟಿಗೂ ದಪ್ಪ ಬುಕ್ ಬೀಳುತ್ತೆ ಕಣೋ," ಎಂದ ಇನ್ನೊಬ್ಬ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಒಬ್ಬನ ಕೈ ತನ್ನ ತಲೆಯ ಮೇಲೆ ಹೋಯಿತು.

ಮಾನ್ಯರೇ, ನಿಮ್ಮ ಆಡಳಿತದಲ್ಲಿ ಗ್ರಂಥಾಲಯ ಎಂಬ ಪದಕ್ಕೆ ಮಕ್ಕಳು ಕಂಡುಕೊಂಡಿರುವ ಅರ್ಥ ಇದು. ಬೀಗ ತೆಗೆದವರು ಜವಾನ ತಿಮ್ಮಯ್ಯ. ನಾನು ಕೊಟ್ಟ ಐದು ರಟ್ಟಿನ ಪೆಟ್ಟಿಗೆಗಳಲ್ಲಿ ನಾಲ್ಕರ ಮೇಲೆ ನಾನೇ ಅಂಟಿಸಿದ ಟೇಪು ಹಾಗೇ ಇತ್ತು. ಐದನೆಯದನ್ನು ತೆರೆದಿದ್ದರು, ಮೇಲಿನ ಒಂದು ಪುಸ್ತಕವನ್ನು ಮಾತ್ರ ತೆಗೆದಿದ್ದರು. ಎಷ್ಟು ಸಲ ತೆಗೆದು ಇಟ್ಟಿದ್ದರೆಂದರೆ ಪೆಟ್ಟಿಗೆಯ ಬಾಯಿ ನಯವಾಗಿತ್ತು. ಪುಸ್ತಕ ಕೊಟ್ಟು ಪಡೆಯುವ ರಿಜಿಸ್ಟರಿನಲ್ಲಿ ಗೆರೆ ಎಳೆದಿತ್ತು, ಒಂದು ಹೆಸರೂ ಇರಲಿಲ್ಲ. ಇದೇ ಪುಸ್ತಕ ಏಕೆ ಎಂದು ತಿಮ್ಮಯ್ಯನವರನ್ನು ಕೇಳಿದೆ.

"ಮೊದ್ಲು ಕೋಲಿತ್ತು ಮೇಡಂ. ಆಮೇಲೆ ಸರ್ಕ್ಯುಲರ್ ಬಂತಲ್ಲ, ಕೋಲು ಸಿಕ್ಕಿದ್ರೆ ಸಸ್ಪೆಂಡು ಅಂತ. ಇನ್‌ಸ್ಪೆಕ್ಷನ್‌ಗೆ ಬಂದೋರು ಬಾಗಿಲ ಹಿಂದೆ, ಬೀರು ಮೇಲೆ, ಎಲ್ಲಾ ಕಡೆ ಕೋಲು ಹುಡುಕ್ತಾರೆ. ಲೈಬ್ರರೀಲಿ ಬುಕ್ ಇದ್ರೆ ಯಾರ್ ಕೇಳ್ತಾರೆ? ಇನ್ನೂ ಖುಷಿ ಪಡ್ತಾರೆ." ಪೆಟ್ಟಿಗೆಯ ಬಾಯಿ ಮುಚ್ಚುತ್ತಾ ಸೇರಿಸಿದರು: "ನೀವು ತಂದ್ಕೊಟ್ಟ ದಿನಾನೇ ಅವ್ರು ಅದನ್ನ ಕೈಯಲ್ಲಿ ಹಿಡಿದು ತೂಕ ನೋಡಿದ್ರು. ಓದೋಕೇನೋ ಅಂದ್ಕೊಂಡೆ ನಾನು."

ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅದೇ ಕೋಣೆಯ ಗೋಡೆಯಲ್ಲಿ ಸಾಲಾಗಿ ಇಪ್ಪತ್ತು ಮೊಳೆಗಳು, ಮೊಳೆಗೊಂದು ಹೆಡ್‌ಫೋನ್, ಎಲ್ಲದಕ್ಕೂ ಪ್ಲಾಸ್ಟಿಕ್ ಹೊದಿಕೆ. ಮೊದಲನೆಯದಕ್ಕೆ ಉದ್ಘಾಟನೆಯ ರಿಬ್ಬನ್ನಿನ ತುಂಡು ಇನ್ನೂ ಕಟ್ಟಿಕೊಂಡಿತ್ತು. ಇದು ನಿಮ್ಮ ಭಾಷಾ ಪ್ರಯೋಗಾಲಯ. ಕಂಪ್ಯೂಟರ್ ಬಂದಿಲ್ಲವಾದ್ದರಿಂದ ಅವುಗಳ ತಂತಿಗಳು ಗಾಳಿಯಲ್ಲಿ ಜೋತಾಡುತ್ತಿವೆ. ಅಂದೇ, ಸೆಪ್ಟೆಂಬರ್ ಇಪ್ಪತ್ತೆರಡರಂದು, ದುರ್ಗವ್ವನವರ ಹೆಬ್ಬೆಟ್ಟು, ನನ್ನ ಸಹಿಯೊಂದಿಗೆ ನಿಮಗೆ ಮನವಿ ಕೊಟ್ಟೆವು. ಹುಡುಗಿಯನ್ನು ತರಗತಿಗೆ ಸೇರಿಸಿ, ಹೊಡೆದವರನ್ನು ವಿಚಾರಿಸಿ, ಗ್ರಂಥಾಲಯ ತೆರೆಯಿರಿ, ಭಾಷೆ ಕಲಿಯುವ ಸೌಕರ್ಯ ಕೊಡಿ ಎಂದು ಕೇಳಿದ್ದೆವು. ಅಕ್ಟೋಬರ್ ಹದಿನೈದಕ್ಕೆ ಉತ್ತರ ಬಂತು: "ಸದರಿ ಶಾಲೆಯಲ್ಲಿ ಇಪ್ಪತ್ತು ಹೆಡ್‌ಫೋನ್‌ಗಳುಳ್ಳ ಸುಸಜ್ಜಿತ ಭಾಷಾ ಪ್ರಯೋಗಾಲಯ ಲಭ್ಯವಿದ್ದು, ತಮ್ಮ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ." ಆ ವಾಕ್ಯವನ್ನು ನಾನು ಹಲವು ಸಲ ಓದಿದೆ. ಹೆಡ್‌ಫೋನಿಗೆ ಎರಡು ಬಟ್ಟಲುಗಳಿರುತ್ತವೆ. ಎಡಗಡೆಯದನ್ನು ಆ ಹುಡುಗಿ ಏನು ಮಾಡಬೇಕು?

ಮೇಷ್ಟ್ರು ರಾಕ್ಷಸರಲ್ಲ. ಒಂದೇ ತರಗತಿಯಲ್ಲಿ ಎಪ್ಪತ್ತೊಂದು ಮಕ್ಕಳು, ಇಂಗ್ಲಿಷ್, ಸಮಾಜ ವಿಜ್ಞಾನ, ಬಿಸಿಯೂಟ, ಚುನಾವಣೆ ಕೆಲಸ, ಇವೆಲ್ಲದರ ಮೇಲೆ ಗ್ರಂಥಾಲಯ. ಇದರಿಂದ ಅವರ ತಪ್ಪು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ನಿಮ್ಮದು ಹೆಚ್ಚಾಗುತ್ತದೆ. ರಾಯಚೂರಿನ, ಯಾದಗಿರಿಯ, ಅನಂತಪುರದ, ಬಿಹಾರದ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುವ ಶಾಲೆಗೆ ಓದು ಕಲಿಸಲೆಂದೇ ಒಬ್ಬರನ್ನು ನೇಮಿಸದೆ, ಕೋಲು ಹುಡುಕಲು ತಂಡ ಕಳಿಸುವವರು ನೀವು. ಆ ಸುತ್ತೋಲೆ ಹೊರಡಿಸಿದಾಗ ನಿಮಗೆ ಬೇಕಾಗಿದ್ದದ್ದು ಏಟು ನಿಲ್ಲುವುದೋ, ಕೋಲು ಕಾಣದಿರುವುದೋ?

ಇನ್ನು ಗಾಜು. ಅಕ್ಟೋಬರ್ ಇಪ್ಪತ್ತೇಳರಂದು ದುರ್ಗವ್ವನೂ ನಾನೂ ಪುಸ್ತಕದೊಂದಿಗೆ ನಿಮ್ಮೆದುರು ನಿಂತಿದ್ದೆವು. ಕೂರಲು ನೀವು ಹೇಳಲಿಲ್ಲ. ದುರ್ಗವ್ವನವರ ಮಾತು ಕೇಳಿ ನಸುನಕ್ಕಿರಿ. "ಯಾವೂರಮ್ಮಾ ನಿಮ್ದು? ಅಲ್ಲೇ ಓದಿಸಬಹುದಿತ್ತಲ್ಲ, ಇಷ್ಟು ದೂರ ಯಾಕೆ ಬಂದ್ರಿ?"

"ಹೊಡಸ್ಕೊಳ್ಳಾಕ ಅಲ್ಲೂ ಸಾಲಿ ಇತ್ರಿ ಸಾಹೇಬ್ರ," ಎಂದರು ದುರ್ಗವ್ವ. "ಓದಾಕಂತ ಇಲ್ಲಿಗೆ ಬಂದೀವಿ."

ನೀವು ನನ್ನ ಕಡೆ ತಿರುಗಿದಿರಿ. "ನೋಡಿ ಮೇಡಂ, ಬುಕ್ ಡೊನೇಟ್ ಮಾಡಿದ ಮೇಲೆ ಅದನ್ನ ಹೇಗೆ ಯೂಸ್ ಮಾಡ್ಬೇಕು ಅನ್ನೋದು ಶಾಲೆಗೆ ಬಿಟ್ಟಿದ್ದು."

ಆಗ ನಾನು ಪುಸ್ತಕವನ್ನು ಎರಡು ಕೈಯಲ್ಲಿ ಎತ್ತಿದೆ. ನಿಖರವಾಗಿ ಹೇಳಬೇಕೆಂದರೆ, ನಾನು ನೋಡುತ್ತಿದ್ದದ್ದು ಮೇಜನ್ನಲ್ಲ, ನಿಮ್ಮ ಎಡಗಿವಿಯನ್ನು. ಕಿವಿಯ ಹಿಂದೆ ಕನ್ನಡಕದ ಕಡ್ಡಿ, ಅದರ ಮೇಲೆ ಒಂದು ನರೆಗೂದಲು, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅರವತ್ತಮೂರು ವರ್ಷ ಯಾರ ಮೇಲೂ ಕೈ ಎತ್ತದ ನನಗೆ ಅದು ಎಷ್ಟು ಸುಲಭವೆಂದು ತಿಳಿಯಿತು. ಆ ತೂಕವೇ ಕೈಯನ್ನು ಮುಂದಕ್ಕೆ ಎಳೆಯುತ್ತದೆ. ಪುಸ್ತಕ ಗಾಜಿನ ಮೇಲೆ ಬಿದ್ದದ್ದು ನನ್ನ ಒಳ್ಳೆಯತನದಿಂದ ಎಂದು ಹೇಳಲಾರೆ. ನನ್ನ ಬಲ ಭುಜ ಸವೆದಿದೆ, ಅಷ್ಟು ಎತ್ತರಕ್ಕೆ ಏಳುವುದಿಲ್ಲ. ಗಾಜು ಚೂರಾದಾಗ ನೀವು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿರಿ. ಆ ಕ್ಷಣ ನಿಮ್ಮ ಇಡೀ ಇಲಾಖೆಯಲ್ಲಿ ಸುವರ್ಣಾಳ ವಿಷಯ ಪೂರ್ತಿ ಅರ್ಥವಾದ ಅಧಿಕಾರಿ ನೀವೊಬ್ಬರೇ ಇರಬೇಕು.

ಇದು ನನ್ನ ವಿವರಣೆ. ಗಾಜಿಗೆ ಯಾವ ಶಿಕ್ಷೆಯಿದೆಯೋ ಕೊಡಿ, ಅನುಭವಿಸುತ್ತೇನೆ. ಆದರೆ ಹದಿನೈದನೇ ತಾರೀಖಿನೊಳಗೆ ಕಳವಿನ ಆ ಚೀಟಿಯನ್ನು ಶಾಲೆ ವಾಪಸ್ ಪಡೆದು, ತಪ್ಪೊಪ್ಪಿಗೆಯಿಲ್ಲದೆ ಸುವರ್ಣಾಳ ಹೆಸರನ್ನು ಪರೀಕ್ಷೆಗೆ ನೋಂದಾಯಿಸಬೇಕು. ಹೊಡೆದವರ ವಿಚಾರಣೆ ಆಗಬೇಕು, ವರ್ಗಾವಣೆಯಲ್ಲ. ಆ ಕೋಣೆಯ ಬಾಗಿಲಿಗೆ ಚಿಲಕವೇ ಇರಬಾರದು. ವಾರಕ್ಕೆ ಎರಡು ಪೀರಿಯಡ್ ಮಕ್ಕಳು ಅಲ್ಲಿ ಕೂತು ಓದಬೇಕು. ಓದಲು ಬಾರದವರಿಗೆ ನಗದೆ, ಬಡಿಯದೆ, ಮೊದಲ ಅಕ್ಷರದಿಂದ ಹೇಳಿಕೊಡುವ ಒಬ್ಬರು ಬೇಕು, ಹೆಡ್‌ಫೋನಿನ ತಂತಿಗಳ ಇನ್ನೊಂದು ತುದಿಯಲ್ಲಿ ಏನಾದರೂ ಇರಬೇಕು. ನೀವು ನೇಮಿಸುವವರೆಗೆ ಮಂಗಳವಾರ, ಶುಕ್ರವಾರ ಮಧ್ಯಾಹ್ನ ನಾನೇ ಬಂದು ಕೂರುತ್ತೇನೆ. ನನಗೆ ಒಂದು ಸ್ಟೂಲು ಸಾಕು.

ಹಾನಿಗೆ ಬಳಸಿದ ವಸ್ತುವನ್ನು ಕಚೇರಿಗೆ ಒಪ್ಪಿಸಬೇಕೆಂದೂ ನೋಟೀಸಿನಲ್ಲಿದೆ. ಅದು ನನ್ನ ಬಳಿ ಇಲ್ಲ, ಲಗ್ಗೆರೆಯಲ್ಲಿದೆ. ಏಟು ಬಿದ್ದ ಮರುದಿನದಿಂದಲೇ ಹುಡುಗಿ ಅದನ್ನು ಓದಲು ಶುರುಮಾಡಿದ್ದಾಳೆ. ಯಾಕೆ ಎಂದು ಕೇಳಿದ್ದಕ್ಕೆ, "ಅದರಾಗ ಏನೈತಿ ನೋಡೂಣು ಅಂತ್ರಿ," ಎಂದಳು. ಮೊನ್ನೆ ಹೋದಾಗ ಮುನ್ನೂರ ಎಪ್ಪತ್ತನೇ ಪುಟದಲ್ಲಿದ್ದಳು. ಬಲಗಿವಿಯನ್ನು ನನ್ನತ್ತ ತಿರುಗಿಸಿ ಒಂದೇ ಪ್ರಶ್ನೆ ಕೇಳಿದಳು: "ಊರು ಬಿಟ್ಟು ಹೋದ ಆ ಅಕ್ಕ ತಿರುಗಿ ಬರ್ತಾಳೇನ್ರಿ?" ನನಗೆ ಗೊತ್ತು, ಹೇಳಲಿಲ್ಲ. ಅದು ಇರುವುದು ರಕ್ತದ ಚುಕ್ಕಿಗಳಿರುವ ಪುಟಗಳಲ್ಲಿ. ಅವಳೇ ಓದಬೇಕು.

ಅವಳು ಮುಗಿಸಿದ ದಿನ ಪುಸ್ತಕವನ್ನು ನಾನೇ ತರುತ್ತೇನೆ. ಅಷ್ಟರಲ್ಲಿ ನಿಮ್ಮ ಮೇಜಿಗೆ ಹೊಸ ಗಾಜು ಬಂದಿರುತ್ತದೆ. ಅದರ ಮೇಲೆ ಮೆಲ್ಲಗೆ ಇಡಬೇಕೆಂಬುದೇ ನನ್ನ ಆಸೆ. ಭುಜಕ್ಕೆ ಈಗ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ, ಕೈ ಮೊದಲಿಗಿಂತ ಮೇಲಕ್ಕೆ ಏಳುತ್ತಿದೆ.

ಇಂತಿ,
ಆ ಪುಸ್ತಕಕ್ಕೆ ಎರಡು ಪದರ ರಟ್ಟು ಹಾಕಿಸಿ ಕೊಟ್ಟವಳು,
ಕಮಲಾಕ್ಷಮ್ಮ
ನಂದಿನಿ ಲೇಔಟ್, ಬೆಂಗಳೂರು