ದುರ್ಬೀನು ತಮ್ಮನಿಗೆ ಅಂದೆ

ಯಜಮಾನರಿಗೆ,

ನೀವಿದ್ದಾಗ ನಿಮಗೊಂದು ಕಾಗದ ಬರೆದವಳಲ್ಲ ನಾನು. ಮನೆಯಿಂದ ಹೊಲಕ್ಕೆ ಕೂಗಿದರೆ ಸಾಕಿತ್ತು. ಈಗ ಹಾಗೆ ಕೂಗಿದರೆ ನಿಮ್ಮ ತಂಗಿ ಜಯಮ್ಮ ಗಾಬರಿಯಾಗಿ ಎದ್ದು ಬರುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ನಾಚಿಕೆಯ ಸಂಗತಿ, ಓದುತ್ತಾ ನಗಬೇಡಿ.

ಹೋದ ವರ್ಷ ಆಯುಧಪೂಜೆಯ ಮಾರನೆಯ ದಿನ ನೆನಪಿದೆಯಾ? ಊರ ಗುರಿ ಸ್ಪರ್ಧೆಯಲ್ಲಿ ಕೆರೆಯಂಗಳದ ಆ ತುದಿಯ ಮಣ್ಣುದಿಬ್ಬದ ಮೇಲಿಟ್ಟ ಮೊಟ್ಟೆಯನ್ನು ನಮ್ಮ ಹಳೇ ಏರ್‌ಗನ್ನಿನಲ್ಲಿ ಹೊಡೆದು ಮೀಸೆ ತಿರುವಿದಿರಿ. ಹುಡುಗರೆಲ್ಲ ಕೋವಿಗೆ ದುರ್ಬೀನು ಕೂರಿಸಿಕೊಂಡು ಬಂದಿದ್ದರು, ನೀವೊಬ್ಬರೇ ಬರಿಗಣ್ಣಲ್ಲಿ ನಿಂತಿದ್ದು. ಗೆದ್ದ ಮನೆಯವರೇ ಮುಂದಿನ ವರ್ಷ ಮೊದಲ ಗುರಿ ಹಿಡಿಯಬೇಕು, ಯಾರೂ ನಿಲ್ಲದಿದ್ದರೆ ಸರದಿ ಬೇರೆ ಮನೆಗೆ ಹೋಗುತ್ತದೆ ಅನ್ನುವುದು ಊರಿನ ಕಟ್ಟು. ಮುಂದಿನ ಸಲವೂ ನಾನೇ ಎಂದು ಎಲ್ಲರಿಗೂ ಸಾರಿದಿರಿ. ಆಮೇಲೆ ಸಂಕ್ರಾಂತಿಯ ವಾರ, ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವರು... ಹೋಗಲಿ ಬಿಡಿ.

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಕಾಯುತ್ತಿದ್ದ ಮಧ್ಯಾಹ್ನಗಳಲ್ಲಿ ನನಗೆ ಗುರಿ ಕಲಿಸಿದವರು ನೀವೇ ಅಲ್ಲವೇ? ಗಂಡ ಹೆಂಡತಿ ಇಬ್ಬರಿಗೂ ಹೊತ್ತು ಹೋಗಲಿ ಎಂದು ಕಲಿಸಿದ್ದು ಅದು. ನಾನು ಚೆನ್ನಾಗಿ ಹೊಡೆದ ದಿನ ಗಾಳಿ ನಿನ್ನ ಕಡೆಗಿತ್ತು ಎನ್ನುತ್ತಿದ್ದಿರಿ. ಈ ವರ್ಷ ದಸರೆ ಹತ್ತಿರವಾದಾಗ ಅದೇ ಕೋವಿಯನ್ನು ಅಟ್ಟದಿಂದ ಇಳಿಸಿದೆ. ನಳಿಗೆಯ ಹಿಂದಿನ ಕಚ್ಚು, ತುದಿಯ ಮೊಳೆ, ಆಚೆಗಿನ ಗುರಿ, ಮೂರನ್ನೂ ಒಟ್ಟಿಗೆ ನೋಡಲು ನನ್ನ ಕಣ್ಣಿಗೆ ಆಗಲಿಲ್ಲ. ಒಂದು ಕಂಡರೆ ಇನ್ನೊಂದು ಮಸುಕು. ಮುದುಕಿಯಾದೆ ಅನ್ನುವುದು ಕನ್ನಡಿ ಮುಂದೆ ನಿಂತಾಗಲೂ ಇಷ್ಟು ಗೊತ್ತಾಗಿರಲಿಲ್ಲ.

ದುರ್ಬೀನು ತರುತ್ತೇನೆ ಎಂದಾಗ ಜಯಮ್ಮ ಒಲೆ ಮುಂದಿಂದ ತಿರುಗಿ ಕೂತಳು. "ವರ್ಸ ತುಂಬಿಲ್ಲ ಅತ್ಗೆ. ಕೋವಿ ಇಡ್ಕಂಡು ಗಂಡಸ್ರ ಮಧ್ಯ ನಿಂತ್ಕಂಡ್ರೆ ಜನ ಏನಂದಾರು?" ಅವಳು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಹಬ್ಬಕ್ಕೆ ಹೂವೂ ತರದ ಮನೆಯಿಂದ ನಾನು ಕೋವಿಗೆ ಸಿಂಗಾರ ತರಲು ಹೊರಟಿದ್ದೆ. ನನಗೇ ನಾಚಿಕೆಯಾಗಿ ತಲೆ ತಗ್ಗಿಸಿದೆ. ಆದರೂ ಮಾರನೆಯ ದಿನ ಬಸ್ಸು ಹತ್ತಿದೆ. ಪಿರಿಯಾಪಟ್ಟಣದಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆ ಎಂದು ಹುಣಸೂರಿಗೇ ಹೋದೆ.

ಹುಣಸೂರಿನಲ್ಲಿ ಟಾರ್ಚು, ಮೀನಿನ ಗಾಳ, ಏರ್‌ಗನ್ ಎಲ್ಲ ಮಾರುವ ರಹಮತ್ ಸಾಹೇಬರ ಅಂಗಡಿ. ನೀವು ಗುಂಡಿನ ಡಬ್ಬಿ ತರುತ್ತಿದ್ದದ್ದು ಅಲ್ಲಿಂದಲೇ. ಯಾರಿಗೆ ಎಂದು ಅವರು ಕೇಳಿದ್ದೇ ತಡ, ನನ್ನ ಬಾಯಿಂದ ಸುಳ್ಳು ಜಾರಿತು. ತಮ್ಮನಿಗೆ, ವಿರಾಜಪೇಟೆಯಲ್ಲಿದ್ದಾನೆ, ಲೈಸೆನ್ಸಿನ ರೈಫಲ್ ಇದೆ ಎಂದೆ. ನನಗೆ ತಮ್ಮನೇ ಇಲ್ಲ ಅನ್ನುವುದು ನಿಮಗೆ ಗೊತ್ತು. ಸಾಹೇಬರು ಮೊದಲು ಕೆಂಪು, ಹಸಿರು ದೀಪ ಹತ್ತುವ ದೊಡ್ಡದೊಂದನ್ನು ಕೊಟ್ಟರು. ಕಣ್ಣಿಟ್ಟರೆ ರಸ್ತೆಯಾಚೆಯ ಬೋರ್ಡು ಮೂಗಿನ ಹತ್ತಿರಕ್ಕೇ ಬಂದಿತು, ಅದರ ಜೊತೆ ನನ್ನ ಕೈನಡುಕವೂ ದೊಡ್ಡದಾಗಿ ಕಂಡಿತು. ಕಣ್ಣು ಒಂದಿಷ್ಟು ಅಲುಗಿದರೆ ಒಳಗಿನ ಅಡ್ಡಗೆರೆಯೂ ಗುರಿಯ ಮೇಲಿಂದ ಜಾರುತ್ತಿತ್ತು. ಬೆಲೆ ಕಡಿಮೆ ಇರುವುದರಲ್ಲೇ, ಹಿಗ್ಗಿಸುವುದು ಕಡಿಮೆಯಾದರೂ ಗಾಜು ತಿಳಿಯಾಗಿರುವುದನ್ನು ಕೊಡಿ ಎಂದೆ. ಹೇಗಿದೆ ನನ್ನ ಆಯ್ಕೆ? ನೀವಾಗಿದ್ದರೆ ದೀಪದ್ದನ್ನೇ ತರುತ್ತಿದ್ದಿರಿ, ಸುಮ್ಮನೆ ಮೀಸೆ ತಿರುವಬೇಡಿ.

ಮೊದಲ ಸಂಜೆ ಹಿತ್ತಲಿನ ದಿಬ್ಬಕ್ಕೆ ಕಾಗದ ಚುಚ್ಚಿ ಹೊಡೆದಾಗ ಗುಂಡುಗಳೆಲ್ಲ ಬಳೆಯೊಳಗೆ ಬಿದ್ದ ಹಾಗೆ ಒಂದೇ ಕಡೆ ಬಿದ್ದವು. ಎಷ್ಟು ಹಿಗ್ಗಿದೆ ಗೊತ್ತೇ? ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಒಂದು ಎಡಕ್ಕೆ ಹೋದರೆ ಇನ್ನೊಂದು ಮೇಲಕ್ಕೆ. ಕೈ ಸರಿಯಿಲ್ಲ ಎಂದುಕೊಂಡೆ, ಕಣ್ಣು ಸರಿಯಿಲ್ಲ ಎಂದುಕೊಂಡೆ. ಕೊನೆಗೆ ನೀವೇ ಬೇಡವೆನ್ನುತ್ತಿದ್ದೀರೇನೋ ಎಂದು ಕೋವಿಯನ್ನು ಕೆಳಗಿಟ್ಟು ಅತ್ತುಬಿಟ್ಟೆ. ಆಮೇಲೆ ಮತ್ತೆ ಕಣ್ಣಿಟ್ಟು ನೋಡಿದರೆ ಒಳಗಿನ ಗೆರೆಯೇ ಓರೆಯಾಗಿ ನಿಂತಿತ್ತು.

ಎರಡನೇ ಸಲ ಅಂಗಡಿಗೆ ಹೋದಾಗ ಸಾಹೇಬರು ಅದನ್ನು ಕಿವಿಯ ಹತ್ತಿರ ಅಲುಗಾಡಿಸಿ, ರೈಫಲ್ಲಿನ ಮೇಲೆ ಹೀಗಾಗುವ ಮಾಲಲ್ಲ ಇದು, ತಮ್ಮನವರು ಯಾವುದಕ್ಕೆ ಕೂರಿಸಿದರು ಎಂದು ಕೇಳಿದರು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಂಡಸರಿದ್ದರು. ಮುಖವೆಲ್ಲ ಉರಿಯಿತು. ಸೆರಗು ಸರಿಮಾಡಿಕೊಂಡೆ, ಕೆಮ್ಮಿದೆ, ಇನ್ನು ದಾರಿಯಿರಲಿಲ್ಲ.

"ತಮ್ಮ ಇಲ್ಲ ಸಾಹೇಬ್ರೇ. ನಮ್ಮನೇಲಿರೋದು ಸ್ಪ್ರಿಂಗಿನ ಏರ್‌ಗನ್ನು. ಗುರಿ ಹೊಡೆಯೋಳು ನಾನೇ."

ಅವರು ನಗಲಿಲ್ಲ. ನಗುತ್ತಾರೆ ಎಂದು ಸಿದ್ಧಳಾಗಿ ನಿಂತಿದ್ದವಳಿಗೆ ಅದೇ ಕಷ್ಟವಾಯಿತು. "ಮೊದ್ಲೇ ಏಳ್ಬಾರ್ದಿತ್ತಾ ಅಕ್ಕ? ರೈಫಲ್ಲು ಒಂದೇ ಕಡೆಗೆ ಒದೀತದೆ. ಸ್ಪ್ರಿಂಗಿಂದು ಹಿಂದಕ್ಕೂ ಒದೀತದೆ, ಮುಂದಕ್ಕೂ ಒದೀತದೆ. ಅದನ್ನ ತಡ್ಕಳೋ ದುರ್ಬೀನೇ ಬೇರೆ ಕಣಕ್ಕ." ಹಳೆಯದನ್ನು ಇಟ್ಟುಕೊಂಡು, ಏರ್‌ಗನ್ನಿಗೆಂದೇ ಮಾಡಿದ, ನೋಡಲು ಏನೂ ಚೆಂದವಿಲ್ಲದ ಇನ್ನೊಂದನ್ನು ಕೊಟ್ಟರು. ಮೇಲೆ ಸ್ವಲ್ಪವೇ ಹಣ ತೆಗೆದುಕೊಂಡರು. ನಿಜ ಹೇಳಿದ್ದರೆ ಮೊದಲ ದಿನವೇ ಇದು ಸಿಗುತ್ತಿತ್ತಲ್ಲವೇ?

ಮೊನ್ನೆ ಸ್ಪರ್ಧೆಯ ಬೆಳಿಗ್ಗೆ ನಿಮ್ಮ ಹೆಸರು ಹಿಡಿದು, ಅವರ ಮನೆಯಿಂದ ಯಾರು ಎಂದು ಪಟೇಲರು ಕೂಗಿದರು. ನಾನು ಎದ್ದೆ. ಯಾರೋ ಪಿಸುಗುಟ್ಟಿದರು, ಯಾರು ಎಂದು ನೋಡಲು ಧೈರ್ಯ ಬರಲಿಲ್ಲ. ಜಯಮ್ಮ ಜೊತೆಗೇ ನಡೆದು ಬಂದು ಗುಂಡಿನ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಳು. ಮೊಟ್ಟೆ ಒಡೆಯಿತು. ಸರದಿ ನಮ್ಮ ಮನೆಯಲ್ಲೇ ಉಳಿಯಿತು.

ನಿಮಗೆ ಹೇಳಬೇಕೆಂದು ಕೂತದ್ದು ಇದನ್ನಲ್ಲ. ನೀವು ಹೋದಂದಿನಿಂದ ಕಾಫಿ ಸೋಸುವಾಗ, ಹಸುವಿಗೆ ಹುಲ್ಲು ಹಾಕುವಾಗ, ನಿದ್ದೆಯಲ್ಲಿ ಕೂಡ ನಿಮ್ಮನ್ನು ಬಿಟ್ಟಿದ್ದವಳಲ್ಲ. ನಿಮಗೋಸ್ಕರ ಹೊಡೆಯುತ್ತೇನೆ ಎಂದುಕೊಂಡೇ ನಿಂತೆ. ಗಾಜಿಗೆ ಕಣ್ಣಿಟ್ಟ ಮೇಲೆ ಗೆರೆ ಇತ್ತು, ಮೊಟ್ಟೆ ಇತ್ತು, ನನ್ನ ಉಸಿರಿತ್ತು. ನೀವಿರಲಿಲ್ಲ. ಜನ ಚಪ್ಪಾಳೆ ತಟ್ಟಿದ ಮೇಲೆ ನಿಮ್ಮ ಕಡೆಗೆ ತಿರುಗಿದೆ, ಆಗ ನೆನಪಾಯಿತು ನೀವಿಲ್ಲವೆಂದು. ಅಷ್ಟು ಹೊತ್ತು ನಿಮ್ಮನ್ನು ಮರೆತು ಸುಖವಾಗಿದ್ದೆ ನಾನು. ಇದಕ್ಕಿಂತ ನಾಚಿಕೆ ಬೇರೆ ಏನಿದೆ ಹೇಳಿ?

ಬರುವ ತಿಂಗಳು ಎಚ್.ಡಿ. ಕೋಟೆಯ ಕಡೆ ಇನ್ನೂ ದೂರದ ಗುರಿಯ ಸ್ಪರ್ಧೆಯಂತೆ. ಜಯಮ್ಮನಿಗೂ ಹೇಳದೆ ನಿನ್ನೆ ಹೆಸರು ಕೊಟ್ಟು ಬಂದೆ. ಯಾರ ಮನೆಯವರು ಎಂದು ಕೇಳಿದರು. ನನ್ನ ಹೆಸರೊಂದನ್ನೇ ಹೇಳಿದೆ.

ನಿಮ್ಮ,
ಸಾವಿತ್ರಿ