ಮರಗಟ್ಟದ ಹಲ್ಲು

ಮಾರ್ಚ್ ೧೨, ಮಂಗಳವಾರ

ಎಡ ದವಡೆ ಇನ್ನೂ ಸಿಡಿಯುತ್ತಿದೆ. ಕೂತರೂ ನಿಂತರೂ ನೆಮ್ಮದಿಯಿಲ್ಲ.

ಹುಳುಕು ಹಲ್ಲು ತುಂಬಿಸಿಕೊಳ್ಳಲು ಹೋಗಿದ್ದೆ. ಮರಗಟ್ಟಲೆಂದು ಡಾಕ್ಟರಮ್ಮ ಎರಡು ಇಂಜೆಕ್ಷನ್ ಕೊಟ್ಟರು. ತುಟಿ ದಪ್ಪಗಾಯಿತು, ಹಲ್ಲು ಮಾತ್ರ ಎಚ್ಚರವಾಗಿಯೇ ಇತ್ತು. ಡ್ರಿಲ್ ತಾಗಿದ ಕೂಡಲೇ ಜೀವ ಬಾಯಿಗೆ ಬಂದಂತಾಗಿ ಅವರ ಕೈ ಹಿಡಿದುಬಿಟ್ಟೆ.

"ಭಯ ಅಷ್ಟೇ, ಸ್ವಲ್ಪ ತಡ್ಕೊಳ್ಳಿ."

ಹೋದ ಸಲ ನಾಚಿಕೆಗೆ ತಡೆದುಕೊಂಡಿದ್ದೆ. ಈ ಸಲ ಆಗಲಿಲ್ಲ. "ಭಯ ಅಲ್ಲ ಮೇಡಂ, ನಿಜವಾಗ್ಲೂ ನೋಯ್ತಿದೆ," ಎಂದೆ.

ಅವರು ಡ್ರಿಲ್ ಕೆಳಗಿಟ್ಟರು. "ನಿಮ್ಮನೇಲಿ ಇನ್ಯಾರಿಗಾದ್ರೂ ಹೀಗೆ ಇಂಜೆಕ್ಷನ್ ಹಿಡಿಯಲ್ವಾ?"

ಥಟ್ಟನೆ ಅಪ್ಪ ನೆನಪಾದರು. ಇಂಥದೇ ಕುರ್ಚಿಯಿಂದ ಎದ್ದು ಓಡಿಬಂದರೆಂದು ಅವರನ್ನು ಎಷ್ಟೋ ವರ್ಷ ಪುಕ್ಕಲ ಎಂದು ಆಡಿಕೊಂಡಿದ್ದೇವೆ. ಎಲ್ಲರಿಗಿಂತ ಹೆಚ್ಚು ನಾನೇ.

ಡಾಕ್ಟರಮ್ಮ ಬೇರೆ ಔಷಧಿ ಚುಚ್ಚಿ, ಇಪ್ಪತ್ತು ನಿಮಿಷ ಕಾದು ಕೆಲಸ ಮುಗಿಸಿದರು. ಅಷ್ಟೇನೂ ನೋಯಲಿಲ್ಲ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. "ಅವತ್ತು ನಿಮಗೂ ಮರಗಟ್ಟಿರ್ಲಿಲ್ವಾ ಅಪ್ಪಾ?"

"ಅವತ್ತೇ ಹೇಳಿದ್ನಲ್ಲೇ. ನೀವೆಲ್ಲ ನಗ್ತಿದ್ರಿ, ನಾನೂ ನಕ್ಕೆ."

ಊಟ ಆಯಿತಾ ಎಂದು ಕೇಳಿ ಫೋನ್ ಇಟ್ಟುಬಿಟ್ಟೆ. ನಾಳೆ ಹೋಗಿ ಎದುರಿಗೇ ತಪ್ಪಾಯಿತು ಎನ್ನಬೇಕು. ಏನಂತ ಶುರು ಮಾಡುವುದೋ, ಅವರು ಮತ್ತೆ ನಕ್ಕು ತೇಲಿಸಿಬಿಟ್ಟರೆ?